ಸ್ಟೀವ್ ಹ್ಯಾರಿಸ್ ಸೋಲೋ ಆಲ್ಬಂ: ಹೆಸರು ಒಬ್ಬರದು, ಹಾಡು ಬ್ಯಾಂಡಿನದು

ಬ್ರಿಟನ್ನಿನ ಹೆವಿ ಮೆಟಲ್ ಬ್ಯಾಂಡ್ ಐರನ್ ಮೇಡನ್‌ನಲ್ಲಿ ಬೇಸ್ ಗಿಟಾರ್ ಬಾರಿಸುವ ಸ್ಟೀವ್ ಹ್ಯಾರಿಸ್ ಅವರ ‘ಬ್ರಿಟಿಷ್ ಲಯನ್’ ಬಗ್ಗೆ ಮಾತು ಶುರುವಾದರೆ ಮೊದಲ ಐದು ನಿಮಿಷ ಬರೀ ಗೊಂದಲ. ಇದು ಆಲ್ಬಮ್ಮಿನ ಹೆಸರಾ, ಬ್ಯಾಂಡಿನ ಹೆಸರಾ? ಸೋಲೋ ಅಂದ ಮೇಲೆ ಇನ್ಯಾರೋ ಯಾಕೆ ಹಾಡುತ್ತಿದ್ದಾರೆ? 2012ರಲ್ಲಿ ಒಂದು ಬಂತು, 2020ರಲ್ಲಿ ಇನ್ನೊಂದು ಬಂತು, ಎರಡನೆಯದು ಹ್ಯಾರಿಸ್ ಹೆಸರಿನಲ್ಲಿ ಬರಲೇ ಇಲ್ಲ. ಈಗ ನೋಡಿದರೆ ಅದೇ ಬ್ಯಾಂಡಿನ ಡ್ರಮ್ಮರ್ ಐರನ್ ಮೇಡನ್ ಜೊತೆ ಊರೂರು ಸುತ್ತುತ್ತಿದ್ದಾರೆ. ಮೊದಲಿಂದ ಹೇಳುವುದೇ ವಾಸಿ.

ಬ್ರಿಟಿಷ್ ರಾಕ್‌ನಲ್ಲಿ ಬೇಸ್ ಬಾರಿಸುವವರು ಸ್ವಂತ ಆಲ್ಬಂ ತರುವುದು ಹೊಸದೇನಲ್ಲ. ಕ್ರೀಮ್ ಬ್ಯಾಂಡ್ ಒಡೆದ ಮೇಲೆ ಜಾಕ್ ಬ್ರೂಸ್ 1969ರಲ್ಲಿ ತಂದರು. ‘ದ ಹೂ’ ಬ್ಯಾಂಡಿನಲ್ಲಿ ಗಿಟಾರ್ ಒಡೆಯುವವರು, ಮೈಕ್ ಬೀಸುವವರು ಎಲ್ಲ ಇದ್ದರೂ 1971ರಲ್ಲಿ ಎಲ್ಲರಿಗಿಂತ ಮೊದಲು ಸೋಲೋ ಆಲ್ಬಂ ಬಿಡುಗಡೆ ಮಾಡಿದ್ದು ವೇದಿಕೆಯ ಮೂಲೆಯಲ್ಲಿ ಕದಲದೆ ನಿಂತಿರುತ್ತಿದ್ದ ಜಾನ್ ಎಂಟ್ವಿಸಲ್. ಡೀಪ್ ಪರ್ಪಲ್ ಬ್ಯಾಂಡ್ ಮುಗಿದ ಮರುವರ್ಷ, 1977ರಲ್ಲಿ, ಗ್ಲೆನ್ ಹ್ಯೂಸ್ ತಮ್ಮ ಆಲ್ಬಮ್ಮಿನಲ್ಲಿ ಸೋಲ್ ಮತ್ತು ಫಂಕ್ ಸಂಗೀತದ ಕಡೆ ಹೋದರು. 1999ರಲ್ಲಿ ಲೆಡ್ ಝೆಪೆಲಿನ್‌ನ ಜಾನ್ ಪಾಲ್ ಜೋನ್ಸ್ ತಂದ ‘ಝೂಮಾ’ದಲ್ಲಿ ಹಾಡುವವರೇ ಇಲ್ಲ, ಬರೀ ವಾದ್ಯ. ಇವರೆಲ್ಲರ ಕಥೆ ಹೆಚ್ಚುಕಡಿಮೆ ಒಂದೇ: ಬ್ಯಾಂಡಿನಲ್ಲಿ ಜಾಗ ಸಿಗದ ಹಾಡುಗಳಿಗೆ ಬೇರೆ ಮನೆ ಕಟ್ಟಿಕೊಂಡರು.

ಹ್ಯಾರಿಸ್ ಕಥೆ ಹಾಗಲ್ಲ. ಬೇರೆ ಬ್ಯಾಂಡುಗಳಲ್ಲಿ ಬೇಸ್ ಬಾರಿಸುವವರು ಕಿರಿಸೊಸೆ ಇದ್ದ ಹಾಗೆ. ಮೇಡನ್‌ನಲ್ಲಿ ಬೇಸ್ ಇರುವುದು ಅತ್ತೆಯ ಕೈಯಲ್ಲೇ. 1975ರ ಕ್ರಿಸ್‌ಮಸ್ ದಿನ ಪೂರ್ವ ಲಂಡನ್ನಿನಲ್ಲಿ ಬ್ಯಾಂಡ್ ಶುರು ಮಾಡಿದ್ದು ಅವರು, ಉದ್ದುದ್ದ ಹಾಡುಗಳನ್ನು ಬರೆಯುವುದು ಅವರು, ಕೊನೆಯ ಮಾತೂ ಅವರದೇ. ಮೇಡನ್‌ನ ಗಾಯಕ ಬ್ರೂಸ್ ಡಿಕಿನ್ಸನ್ 1990ರಲ್ಲೇ ಸೋಲೋ ತಂದರು, ಗಿಟಾರ್ ಬಾರಿಸುವ ಏಡ್ರಿಯನ್ ಸ್ಮಿತ್ ಅದಕ್ಕೂ ಒಂದು ವರ್ಷ ಮೊದಲೇ ಬೇರೆ ಬ್ಯಾಂಡಿನಲ್ಲಿ ಆಲ್ಬಂ ಮಾಡಿದ್ದರು. ಹ್ಯಾರಿಸ್ ಮಾತ್ರ 56 ವರ್ಷ ಆಗುವವರೆಗೂ ತನ್ನ ಹೆಸರಿನಲ್ಲಿ ಏನೂ ತರಲಿಲ್ಲ. ತರುವ ಅಗತ್ಯವೇ ಇರಲಿಲ್ಲ, ಅಲ್ವಾ?

ಹಾಗಾದರೆ ಈ ಆಲ್ಬಂ ಎಲ್ಲಿಂದ ಬಂತು? ಅದಕ್ಕೆ ತೊಂಬತ್ತರ ದಶಕದ ಶುರುವಿಗೆ ಹೋಗಬೇಕು. ಆಗ ಹ್ಯಾರಿಸ್ ಎಸೆಕ್ಸ್‌ನಲ್ಲಿ ದೊಡ್ಡ ಜಮೀನಿನ ಮನೆಯಲ್ಲಿದ್ದರು. ಅಲ್ಲಿನ ಹಳೇ ಕಣಜದ ಕಟ್ಟಡವನ್ನೇ ಸ್ಟುಡಿಯೋ ಮಾಡಿಕೊಂಡಿದ್ದರು, ಮೇಡನ್‌ನ 1992ರ ಆಲ್ಬಂ ‘ಫಿಯರ್ ಆಫ್ ದ ಡಾರ್ಕ್’ ರೆಕಾರ್ಡ್ ಆದದ್ದೂ ಅಲ್ಲೇ. ಮರುವರ್ಷ ಡಿಕಿನ್ಸನ್ ಬ್ಯಾಂಡ್ ಬಿಟ್ಟರು. ಮೇಡನ್‌ಗೆ ಅದು ಕೆಟ್ಟ ಕಾಲ, ಹೆವಿ ಮೆಟಲ್‌ಗೇ ಕೆಟ್ಟ ಕಾಲ. ಅಮೆರಿಕದ ಸಿಯಾಟಲ್ ಕಡೆಯಿಂದ ಗ್ರಂಜ್ ಎಂಬ ಹೊಸ ಬಗೆಯ ರಾಕ್ ಬಂದು ಉದ್ದ ಕೂದಲು, ಉದ್ದ ಗಿಟಾರ್ ಸೋಲೋ ಎರಡನ್ನೂ ಹಳೇ ಕಾಲದ್ದು ಮಾಡಿಬಿಟ್ಟಿತ್ತು. ಇದೇ ಹೊತ್ತಿಗೆ ಬ್ರಿಟಿಷ್ ಲಯನ್ ಎಂಬ ಸಣ್ಣ ಬ್ಯಾಂಡೊಂದಕ್ಕೆ ಹ್ಯಾರಿಸ್ ಬೆನ್ನೆಲುಬಾಗಿ ನಿಂತಿದ್ದರು. ಗಿಟಾರಿನಲ್ಲಿ ಗ್ರಹಾಂ ಲೆಸ್ಲಿ, ಹಾಡಲು ರಿಚರ್ಡ್ ಟೇಲರ್. ಅದು ದಡ ಮುಟ್ಟಲಿಲ್ಲ. ಬ್ಯಾಂಡ್ ಒಡೆಯಿತು.

ಹಾಡುಗಳು ಮಾತ್ರ ಹ್ಯಾರಿಸ್ ತಲೆಯಿಂದ ಹೋಗಲಿಲ್ಲ. ಇಬ್ಬರ ಜೊತೆಗೂ ಸಂಪರ್ಕ ಇಟ್ಟುಕೊಂಡಿದ್ದರು. ಮುಂದೆ ಡೇವಿಡ್ ಹಾಕಿನ್ಸ್ ಗಿಟಾರ್, ಕೀಬೋರ್ಡ್ ಹಿಡಿದು ಬಂದರು. 1999ರಲ್ಲಿ ಡಿಕಿನ್ಸನ್, ಸ್ಮಿತ್ ಇಬ್ಬರೂ ವಾಪಸ್ ಬಂದು ಮೇಡನ್ ಮತ್ತೆ ಮೈದಾನ ತುಂಬಿಸಲು ಶುರು ಮಾಡಿದ ಮೇಲೆ ಹ್ಯಾರಿಸ್‌ಗೆ ಬಿಡುವು ಎಲ್ಲಿ? ಒಂದು ಟೂರ್ ಮುಗಿದು ಇನ್ನೊಂದು ಶುರುವಾಗುವ ಮಧ್ಯೆ ಒಂದಿಷ್ಟು ಕೆಲಸ, ಆಮೇಲೆ ಮತ್ತೆ ಬಾಕಿ. ಡ್ರಮ್ಸ್ ಕೂಡ ಒಬ್ಬರದೇ ಅಲ್ಲ, ಒಂದೊಂದು ಹಾಡಿಗೆ ಒಬ್ಬೊಬ್ಬರು. ಅವರಲ್ಲಿ ಸೈಮನ್ ಡಾಸನ್ ಎನ್ನುವವರ ಹೆಸರು ನೆನಪಿಟ್ಟುಕೊಳ್ಳಿ.

ಕೊನೆಗೆ 2012ರ ಸೆಪ್ಟೆಂಬರ್ 24ರಂದು ಹತ್ತು ಹಾಡುಗಳ ಆಲ್ಬಂ ಬಂತು. ಹಾಡುಗಳನ್ನು ಸೇರಿ ಬರೆದವರು ಹಲವರು, ಮುಖಪುಟದ ಮೇಲೆ ದೊಡ್ಡದಾಗಿ ಸ್ಟೀವ್ ಹ್ಯಾರಿಸ್. ಹೆಸರು ಇದ್ದರೆ ಮಾರಾಟ ಆಗುತ್ತದೆ, ಅದು ಎಲ್ಲರಿಗೂ ಗೊತ್ತಿರುವ ಲೆಕ್ಕ. ನನಗನಿಸುವ ಮಟ್ಟಿಗೆ ಆಲ್ಬಮ್ಮಿಗೆ ಪೆಟ್ಟು ಬಿದ್ದದ್ದೂ ಅಲ್ಲೇ. ಬ್ಲ್ಯಾಕ್ ಸಬ್ಬತ್‌ನ ಗೀಜರ್ ಬಟ್ಲರ್ 1995ರಲ್ಲಿ ಇದಕ್ಕೆ ಪೂರಾ ಉಲ್ಟಾ ಮಾಡಿದ್ದರು. ಆಲ್ಬಂ ಅವರದೇ, ಆದರೆ ಹೆಸರನ್ನು ಮೂರು ಅಕ್ಷರಕ್ಕೆ ಮೊಟಕು ಮಾಡಿ ಬ್ಯಾಂಡ್ ಥರ ಇಟ್ಟರು, ಫಿಯರ್ ಫ್ಯಾಕ್ಟರಿ ಬ್ಯಾಂಡಿನ ಬರ್ಟನ್ ಸಿ. ಬೆಲ್ ಕೈಲಿ ಹಾಡಿಸಿದರು. ಅದನ್ನು ಹಾಕಿದವರು ಸಬ್ಬತ್ ಹುಡುಕುತ್ತಾ ಕೂರಬೇಕಾಗಿರಲಿಲ್ಲ.

‘ಬ್ರಿಟಿಷ್ ಲಯನ್’ ಹಾಕಿದವರೆಲ್ಲ ಹುಡುಕಿದ್ದು ಮೇಡನ್ನನ್ನೇ. ಹ್ಯಾರಿಸ್ ಬೇಸ್ ಎಂದರೆ ಹೀಗೆ: ತಂತಿ ಮೀಟಲು ಪಿಕ್ ಇಲ್ಲ, ಬರೀ ಬೆರಳು, ಫೆಂಡರ್ ಪ್ರಿಸಿಷನ್ ಬೇಸ್ ಗಿಟಾರಿನ ಮೇಲೆ ರೋಟೋಸೌಂಡ್ ಕಂಪನಿಯ ನುಣುಪು ಸುತ್ತಿನ ತಂತಿ. ನುಣುಪು ತಂತಿ ಅಂದರೆ ಸಾಮಾನ್ಯವಾಗಿ ಮೆತ್ತಗಿನ ಸದ್ದು. ಇವರು ಹೊಡೆಯುವ ರಭಸಕ್ಕೆ ಅದೇ ತಂತಿ ಫ್ರೆಟ್ಟಿಗೆ ಬಡಿದು ಟಣ್ ಟಣ್ ಅನ್ನುತ್ತದೆ. ಟ-ಟಕ ಟ-ಟಕ ಅಂತ ಕುದುರೆ ಓಟ. 2007ರ ಮಾರ್ಚ್ 17ರಂದು ಬೆಂಗಳೂರಿನ ಅರಮನೆ ಮೈದಾನಕ್ಕೆ ಮೇಡನ್ ಬಂದಾಗ ಅಲ್ಲಿದ್ದವರ ಕಣ್ಣಲ್ಲಿ ಇವತ್ತಿಗೂ ಇರುವುದು ಅದೇ ಹ್ಯಾರಿಸ್: ಸ್ಪೀಕರ್ ಮೇಲೆ ಒಂದು ಕಾಲು, ಬೇಸ್ ಬಂದೂಕಿನ ಹಾಗೆ ಜನರ ಕಡೆ, ಬಾಯಲ್ಲಿ ಪ್ರತಿ ಸಾಲೂ.

ಈ ಆಲ್ಬಮ್ಮಿನಲ್ಲಿ ಕುದುರೆ ಜಾಸ್ತಿ ಓಡುವುದಿಲ್ಲ. ಇದು ಎಪ್ಪತ್ತರ ದಶಕದ ರಾಕ್, ಯುಎಫ್ಒ, ಥಿನ್ ಲಿಝಿ ಬ್ಯಾಂಡುಗಳ ದಾರಿ. ಹ್ಯಾರಿಸ್‌ಗೆ ಯುಎಫ್ಒ ಮೇಲೆ, ಅದರ ಬೇಸಿಸ್ಟ್ ಪೀಟ್ ವೇ ಮೇಲೆ, ಎಷ್ಟು ಪ್ರೀತಿ ಅಂದರೆ ಮೇಡನ್ ವೇದಿಕೆಗೆ ಬರುವ ಮುಂಚೆ ಇವತ್ತಿಗೂ ಸ್ಪೀಕರಿನಲ್ಲಿ ಹಾಕುವುದು ಅವರ ‘ಡಾಕ್ಟರ್ ಡಾಕ್ಟರ್’ ಹಾಡನ್ನೇ. ಆದರೆ ಅದನ್ನೆಲ್ಲ ಯೋಚಿಸುವ ತಾಳ್ಮೆ 2012ರಲ್ಲಿ ಯಾರಿಗೂ ಇರಲಿಲ್ಲ. ಟೇಲರ್ ಡಿಕಿನ್ಸನ್ ಥರ ಕಿರುಚುವುದಿಲ್ಲ ಅಂದರು. ಅವರು ಆ ಥರದ ಗಾಯಕರೇ ಅಲ್ಲ, ‘ಎ ವರ್ಲ್ಡ್ ವಿದೌಟ್ ಹೆವನ್’ ಕೇಳಿದರೆ ಸಾಕು, ಎಳೆದೆಳೆದು ಮನಸ್ಸಿಗೆ ಹತ್ತಿಸುವ ದನಿ ಅದು. ಸೌಂಡ್ ಮಬ್ಬಾಗಿದೆ ಅನ್ನುವ ಇನ್ನೊಂದು ದೂರು ಮಾತ್ರ ಸುಮ್ನೆ ಬಂದದ್ದಲ್ಲ, ಒಪ್ಪಲೇಬೇಕು. ಮೇಡನ್ ಆಲ್ಬಮ್ಮುಗಳ ಕೆಲಸ ಮಾಡುತ್ತಿದ್ದ ಕೆವಿನ್ ಶರ್ಲಿ ಅವರೇ ಮಿಕ್ಸ್ ಮಾಡಿದ್ದರೂ ಎಷ್ಟೋ ಕಡೆ ಗಿಟಾರ್, ದನಿ ಒಂದರ ಮೇಲೊಂದು ಕೂತಿವೆ. ವರ್ಷಗಟ್ಟಲೆ ತುಂಡುತುಂಡಾಗಿ ಮಾಡಿದ ಕೆಲಸ ಹಾಗೆ ಕೇಳಿಸಿದರೆ ಆಶ್ಚರ್ಯ ಏನಿಲ್ಲ.

ಆಮೇಲೆ ಆದದ್ದು ಹೆಚ್ಚು ಜನ ಗಮನಿಸದ ಭಾಗ. 2013ರಲ್ಲಿ ಹ್ಯಾರಿಸ್ ಟೇಲರ್, ಲೆಸ್ಲಿ, ಹಾಕಿನ್ಸ್ ಅವರನ್ನು ಕಟ್ಟಿಕೊಂಡು ಯೂರೋಪಿನ ಸಣ್ಣ ಕ್ಲಬ್ಬುಗಳಿಗೆ ಹೊರಟರು. ಮೇಡನ್ ಜೊತೆ ಬಾಡಿಗೆ ವಿಮಾನದಲ್ಲಿ ಲೋಕ ಸುತ್ತಿದವರು ಮುಂದಿನ ಸಾಲಿನವರು ಕೈ ಚಾಚಿದರೆ ಸಿಗುವಂಥ ವೇದಿಕೆಗಳ ಮೇಲೆ ನಿಂತರು. ಡ್ರಮ್ಸ್ ಹಿಂದೆ ಡಾಸನ್. ಹೀಗೆ ಕೂಡಿ ಬಾರಿಸಿ ಬಾರಿಸಿ ಇದು ನಿಜಕ್ಕೂ ಬ್ಯಾಂಡ್ ಆಯಿತು. 2020ರ ಜನವರಿ 17ರಂದು ಬಂದ ‘ದ ಬರ್ನಿಂಗ್’ ಬರೀ ಬ್ರಿಟಿಷ್ ಲಯನ್ ಹೆಸರಿನಲ್ಲೇ ಬಂತು. ನನಗೆ ಅದೇ ಇಷ್ಟ. ದೂಳು ಕೊಡವಿದ ಹಾಗಿದೆ.

2024ರ ಡಿಸೆಂಬರ್ 7ರಂದು ಸಾವೊ ಪಾಲೊದಲ್ಲಿ ಡ್ರಮ್ಮರ್ ನಿಕೊ ಮೆಕ್‌ಬ್ರೇನ್ ಮೇಡನ್ ಜೊತೆಗಿನ ತಮ್ಮ ಕೊನೆಯ ಟೂರ್ ಮುಗಿಸಿದರು. 1982ರಿಂದ ಆ ಸ್ಟೂಲಿನ ಮೇಲೆ ಬೇರೆ ಯಾರೂ ಖಾಯಂ ಕೂತಿರಲಿಲ್ಲ.  ಅವರ ಜಾಗಕ್ಕೆ ಬಂದದ್ದು ಸೈಮನ್ ಡಾಸನ್. 2025ರ ಮೇ 27ರಂದು ಬುಡಾಪೆಸ್ಟ್‌ನಲ್ಲಿ ಹೊಸ ಟೂರ್ ಶುರುವಾಯಿತು, ಎಂದಿನ ಹಾಗೆ ಮೊದಲು ‘ಡಾಕ್ಟರ್ ಡಾಕ್ಟರ್’. ಆಮೇಲೆ ಡಾಸನ್ ಬಾರಿಸಿದ ಮೊದಲ ಹಾಡು 1981ರದ್ದು, ನಿಕೊ ಬ್ಯಾಂಡಿಗೆ ಬರುವುದಕ್ಕಿಂತ ಮುಂಚಿನದು.