ಬೌಂಟಿ ಹಡಗಿನ ಬ್ಲೈ ಖಳನಾದ ಬಗೆ

ನಮ್ಮ ಕರಾವಳಿಯಲ್ಲಿ ಪೋಡಿ ಕರಿಯುವ ಜೀಗುಜ್ಜೆಯೇ ಬ್ರಿಟಿಷ್ ನೌಕಾಪಡೆಯ ಬೌಂಟಿ ಹಡಗಿನಲ್ಲಿ ನಡೆದ ದಂಗೆಯ ಮೂಲ. ಕೆರಿಬಿಯನ್ ತೋಟಗಳ ಗುಲಾಮರಿಗೆ ಅಗ್ಗದ ಆಹಾರವಾಗಲೆಂದು ಅದರ ಸಸಿಗಳನ್ನು ಪೆಸಿಫಿಕ್ ಸಾಗರದ ತಾಹಿತಿ ದ್ವೀಪದಿಂದ ಒಯ್ಯಲು 1787ರ ಡಿಸೆಂಬರಿನಲ್ಲಿ ಬೌಂಟಿ ಇಂಗ್ಲೆಂಡಿನಿಂದ ಹೊರಟಿತು. ಕುಂಡಗಳಿಗೆ ಜಾಗ ಮಾಡಲು ಕ್ಯಾಪ್ಟನ್ನನ ದೊಡ್ಡ ಕೋಣೆಯನ್ನೇ ಬಿಟ್ಟುಕೊಡಲಾಗಿತ್ತು. ನಾವಿಕರನ್ನು ಹದ್ದುಬಸ್ತಿನಲ್ಲಿಡಲು ಒಬ್ಬ ಸೈನಿಕನೂ ಇರಲಿಲ್ಲ.

ತಾಹಿತಿಯಲ್ಲಿ ಐದು ತಿಂಗಳು. ಸಸಿಗಳು ಬೇರು ಬಿಡುವಷ್ಟರಲ್ಲಿ ನಾವಿಕರೂ ಬೇರು ಬಿಟ್ಟಿದ್ದರು. ಮರುಪ್ರಯಾಣದಲ್ಲಿ ಕ್ಯಾಪ್ಟನ್ ವಿಲಿಯಂ ಬ್ಲೈ ತನ್ನ ತೆಂಗಿನಕಾಯಿ ಕದ್ದರೆಂದು ಅಧಿಕಾರಿಗಳ ಮೇಲೆ ಹರಿಹಾಯ್ದ. ಮರುದಿನ, 1789ರ ಏಪ್ರಿಲ್ 28ರ ನಸುಕಿನಲ್ಲಿ ಆ ಅಧಿಕಾರಿಗಳಲ್ಲೊಬ್ಬನಾದ ಫ್ಲೆಚರ್ ಕ್ರಿಶ್ಚಿಯನ್ ಬಂಡೆದ್ದ. ಬ್ಲೈಯನ್ನೂ ಇನ್ನು 18 ಮಂದಿಯನ್ನೂ 23 ಅಡಿಯ ತೆರೆದ ದೋಣಿಗೆ ಇಳಿಸಿದರು. ಬ್ಲೈ ಎರಡು ತೆಂಗಿನ ಕರಟಗಳಿಂದ ತಕ್ಕಡಿ ಮಾಡಿ, ಪಿಸ್ತೂಲಿನ ಗುಂಡನ್ನೇ ತೂಕದ ಕಲ್ಲಾಗಿಸಿ ದಿನದ ರೊಟ್ಟಿ ಹಂಚಿದ. ಹೀಗೆ ಸುಮಾರು 3,600 ನಾಟಿಕಲ್ ಮೈಲಿ ಕ್ರಮಿಸಿ ಟಿಮೋರ್ ದ್ವೀಪ ಮುಟ್ಟಿದ.

ಇಂಥವನು ಖಳನಾದದ್ದು ದಡದ ಮೇಲೆ. ಸಿಕ್ಕಿಬಿದ್ದ ಬಂಡುಕೋರರಲ್ಲಿ ಮೂವರನ್ನು 1792ರಲ್ಲಿ ಗಲ್ಲಿಗೇರಿಸಿದ ಮೇಲೆ, ಕ್ರಿಶ್ಚಿಯನ್ನನ ಅಣ್ಣ, ಕಾನೂನು ಪ್ರಾಧ್ಯಾಪಕನಾಗಿದ್ದ ಎಡ್ವರ್ಡ್, ನಾವಿಕರ ಹೇಳಿಕೆಗಳನ್ನು ಕಲೆಹಾಕಿ 1794ರಲ್ಲಿ ಅಚ್ಚು ಹಾಕಿಸಿದ. ತಪ್ಪೆಲ್ಲ ಬ್ಲೈಯ ನಾಲಿಗೆಯದ್ದು ಎಂಬ ಮಾತಿಗೆ ಅಲ್ಲಿಂದ ಬಲ ಬಂತು. ನಾಲಿಗೆ ಕೆಟ್ಟದ್ದೇ, ಸರಿ. ಚಾಟಿಯನ್ನು ಮಾತ್ರ ಅವನು ಆ ಕಾಲದ ಅನೇಕ ಕ್ಯಾಪ್ಟನ್ನರಿಗಿಂತ ಕಡಿಮೆ ಬೀಸಿದ್ದ.

ನಾರ್ಡಾಫ್ ಮತ್ತು ಹಾಲ್ 1932ರಲ್ಲಿ ಈ ದಂಗೆಯ ಬಗ್ಗೆ ಬರೆದ ಕಾದಂಬರಿಯ ಕಥೆ ಹೇಳುವವನು ಬಯಾಮ್. ಗಲ್ಲುಶಿಕ್ಷೆಯಾಗಿ ಕ್ಷಮೆ ಪಡೆದ, ಬೌಂಟಿಯಲ್ಲಿದ್ದ ಹದಿಹರೆಯದ ಪೀಟರ್ ಹೇವುಡ್‌ನೇ ಅವನಿಗೆ ಮಾದರಿ. ಹಡಗನ್ನು ಆ ಹುಡುಗನ ಕಣ್ಣಿಂದ ನೋಡಿದರೆ ಬ್ಲೈ ಎತ್ತರದಲ್ಲಿ ನಿಂತ ರಾಕ್ಷಸನೇ. 1935ರಲ್ಲಿ ಫ್ರಾಂಕ್ ಲಾಯ್ಡ್ ನಿರ್ದೇಶಿಸಿದ 'ಮ್ಯೂಟಿನಿ ಆನ್ ದಿ ಬೌಂಟಿ' ಅದಕ್ಕೆ ಇನ್ನಷ್ಟು ಮಸಿ ಬಳಿಯಿತು: ಬ್ಲೈ ಸತ್ತವನಿಗೂ ಚಾಟಿ ಹೊಡೆಸುತ್ತಾನೆ, ನಾವಿಕನನ್ನು ಹಗ್ಗ ಕಟ್ಟಿ ಹಡಗಿನಡಿ ಎಳೆಸುತ್ತಾನೆ, ಪಂಡೋರಾ ಹಡಗೇರಿ ತಾನೇ ಬಂಡುಕೋರರ ಬೇಟೆಗೆ ಹೊರಡುತ್ತಾನೆ. ಪಂಡೋರಾದ ಕ್ಯಾಪ್ಟನ್ ನಿಜಕ್ಕೂ ಎಡ್ವರ್ಡ್ ಎಡ್ವರ್ಡ್ಸ್. ದೋಣಿಯ ಸಾಹಸವನ್ನು ಚಿತ್ರ ಮುಚ್ಚಿಡುವುದಿಲ್ಲ, ಆದರೆ ಪ್ರೇಕ್ಷಕರಿಗೆ ನೆನಪುಳಿದದ್ದು ಚಾರ್ಲ್ಸ್ ಲಾಟನ್‌ನ ಬಿಗಿದ ತುಟಿ. ಲಾಟನ್, ಕ್ಲಾರ್ಕ್ ಗೇಬಲ್, ಫ್ರಾಂಚೊ ಟೋನ್ ಮೂವರೂ ಶ್ರೇಷ್ಠ ನಟ ಆಸ್ಕರ್‌ಗೆ ನಾಮನಿರ್ದೇಶನಗೊಂಡರು, ಒಬ್ಬನಿಗೂ ಸಿಗಲಿಲ್ಲ. ಶ್ರೇಷ್ಠ ಚಿತ್ರ ಪ್ರಶಸ್ತಿ ಮಾತ್ರ ಬಂತು.

ಜೀಗುಜ್ಜೆಯ ಕಥೆ ಇನ್ನೂ ಇದೆ. ಬ್ಲೈ ಮತ್ತೊಮ್ಮೆ ತಾಹಿತಿಗೆ ಹೋಗಿ, 1793ರಲ್ಲಿ ಸಸಿಗಳನ್ನು ಸೇಂಟ್ ವಿನ್ಸೆಂಟ್ ಮತ್ತು ಜಮೈಕಾಗೆ ಮುಟ್ಟಿಸಿದ. ಮೊದಮೊದಲು ಅದು ಗುಲಾಮರಿಗೆ ರುಚಿಸಲೇ ಇಲ್ಲ.