ಶಾಖ ಕಳೆದುಕೊಂಡಷ್ಟೂ ಬಿಸಿಯಾಗುವ ನಕ್ಷತ್ರ

ಎಂಟ್ರೊಪಿ (ಅಸ್ತವ್ಯಸ್ತತೆಯ ಅಳತೆ) ಒಟ್ಟಾರೆ ಎಂದೂ ಇಳಿಯುವುದಿಲ್ಲ ಎನ್ನುವ ಥರ್ಮೊಡೈನಮಿಕ್ಸ್‌ನ ಎರಡನೇ ನಿಯಮ ಪಾಠ ಮಾಡಿದಾಗೆಲ್ಲ ಬಿಎಸ್ಸಿ ಮಕ್ಕಳಲ್ಲಿ ಯಾರಾದರೊಬ್ಬರು ಕೇಳುತ್ತಾರೆ: "ಸರ್, ಊದುಬತ್ತಿ ಹೊಗೆ ಕೋಣೆ ತುಂಬ ಹರಡುತ್ತೆ, ಎಂಟ್ರೊಪಿ ಜಾಸ್ತಿ ಆಗುತ್ತೆ, ಸರಿ. ಆದರೆ ಆಕಾಶದಲ್ಲಿ ಹರಡಿದ್ದ ಅನಿಲ ಒಂದೆಡೆ ಸೇರಿ ನಕ್ಷತ್ರ ಆಗುತ್ತಲ್ಲ, ಆಗ ನಿಯಮ ಮುರಿದ ಹಾಗೆ ಅಲ್ವಾ?" ನನಗೆ ಬಹಳ ಇಷ್ಟದ ಪ್ರಶ್ನೆ ಇದು.

ನಿಯಮ ಮುರಿಯುವುದಿಲ್ಲ. ಅನಿಲದ ಮೋಡ ಕುಗ್ಗುವಾಗ ಕಣಗಳು ಒಳಕ್ಕೆ ಬೀಳುತ್ತವೆ, ವೇಗ ಏರುತ್ತದೆ, ಅನಿಲ ಬಿಸಿಯಾಗುತ್ತದೆ. ಗುರುತ್ವದಿಂದ ಹೀಗೆ ಸಿಕ್ಕ ಶಕ್ತಿಯಲ್ಲಿ ಸುಮಾರು ಅರ್ಧ ಒಳಗೇ ಶಾಖವಾಗಿ ಉಳಿಯುತ್ತದೆ. ಇನ್ನರ್ಧ ಅತಿಗೆಂಪು ಕಿರಣವಾಗಿ, ಬೆಳಕಾಗಿ ಹೊರಗೆ ಹೋಗುತ್ತದೆ. ಎಂಟ್ರೊಪಿಯೂ ಅದರ ಜೊತೆಗೇ ಹೋಗುತ್ತದೆ. ಮೋಡದ ಎಂಟ್ರೊಪಿ ಇಳಿದಿದ್ದರೂ, ಹೊರಟುಹೋದ ಕಿರಣಗಳದ್ದನ್ನು ಕೂಡಿಸಿದರೆ ಒಟ್ಟು ಮೊತ್ತ ಏರಿಯೇ ಇರುತ್ತದೆ. ಕಿರಣ ಹೊರಬರಲು ತಡವಾದರೆ ಮೋಡ ಕುಗ್ಗುವುದೂ ನಿಧಾನವಾಗುತ್ತದೆ.

ಇಲ್ಲಿರುವ ವಿಚಿತ್ರ ಗಮನಿಸಿ. ಶಕ್ತಿ ಕಳೆದುಕೊಂಡ ವಸ್ತು ತಣ್ಣಗಾಗಲಿಲ್ಲ, ಇನ್ನಷ್ಟು ಬಿಸಿಯಾಯಿತು. ಉಪಗ್ರಹಗಳಲ್ಲೂ ಇದೇ ಕಥೆ. 400 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹದ ವೇಗ ಸೆಕೆಂಡಿಗೆ ಸುಮಾರು 7.67 ಕಿ.ಮೀ. ತೆಳುವಾದ ಗಾಳಿ ಅದನ್ನು ತಡೆಯುತ್ತಾ ಶಕ್ತಿ ಕಸಿಯುತ್ತದೆ. 300 ಕಿ.ಮೀ.ಗೆ ಇಳಿಯುವಷ್ಟರಲ್ಲಿ ವೇಗ ಕಮ್ಮಿಯಾಗಿರುವುದಿಲ್ಲ, 7.73 ಆಗಿರುತ್ತದೆ! ಎತ್ತರ ಇಳಿದು ಬಂದ ಶಕ್ತಿಯಲ್ಲಿ ಅರ್ಧ ಗಾಳಿಯ ಪಾಲು, ಅರ್ಧ ವೇಗದ ಪಾಲು.

ಕಪ್ಪುಕುಳಿಗೂ ಇದೇ ಗುಣ: ಶಕ್ತಿ ಕಳೆದುಕೊಂಡಷ್ಟೂ ಬಿಸಿಯಾಗುತ್ತದೆ. ಅದರ ಎಂಟ್ರೊಪಿ ಈವೆಂಟ್ ಹೊರೈಜನ್ ಎಂಬ, ಒಳಹೊಕ್ಕ ಬೆಳಕೂ ಮರಳಿ ಬಾರದ ಗಡಿಯ ವಿಸ್ತೀರ್ಣಕ್ಕೆ ತಕ್ಕಂತೆ ಇರಬೇಕೆಂದು ಭೌತವಿಜ್ಞಾನಿ ಜೇಕಬ್ ಬೆಕೆನ್‌ಸ್ಟೈನ್ 1970ರ ದಶಕದ ಆರಂಭದಲ್ಲಿ ವಾದಿಸಿದರು. ಅದಕ್ಕೆ ತಾಪಮಾನವೂ ಇದೆ ಎಂದು 1974ರಲ್ಲಿ ಸ್ಟೀಫನ್ ಹಾಕಿಂಗ್ ತೋರಿಸಿದರು. ಎಂಟ್ರೊಪಿ ಅಳೆಯುವ ಮಾನವಾದ ಬೋಲ್ಟ್ಸ್‌ಮನ್ ಸ್ಥಿರಾಂಕದ ಲೆಕ್ಕದಲ್ಲಿ ಸೂರ್ಯನ ಎಂಟ್ರೊಪಿ ಸುಮಾರು 10⁵⁸. ಅಷ್ಟೇ ತೂಕದ ಕಪ್ಪುಕುಳಿಯದ್ದು ಸುಮಾರು 10⁷⁷. ಗುರುತ್ವ ಇರುವ ಕಡೆ ಹರಡಿಕೊಂಡಿರುವುದಲ್ಲ, ಒಟ್ಟಾಗುವುದೇ ಎಂಟ್ರೊಪಿ ಏರುವ ದಾರಿ ಅನ್ನಲು ಇದಕ್ಕಿಂತ ದೊಡ್ಡ ಪುರಾವೆ ಬೇಕೆ?

ಈ ವಿಸ್ತೀರ್ಣವನ್ನು ಅಳೆಯುವ ದಾರಿಯಲ್ಲಿ ನಮ್ಮ ಬೆಂಗಳೂರಿನ ಭೌತವಿಜ್ಞಾನಿ ಸಿ. ವಿ. ವಿಶ್ವೇಶ್ವರ ಅವರ ಕೆಲಸವಿದೆ ಎಂಬುದು ನನಗೆ ದೊಡ್ಡ ಹೆಮ್ಮೆ. ಕದಲಿದ ಕಪ್ಪುಕುಳಿ ಒಂದಿಷ್ಟು ಹೊತ್ತು ಮಿಡಿದು ಸುಮ್ಮನಾಗುತ್ತದೆ ಎಂದು 1970ರಲ್ಲೇ ಅವರು ಲೆಕ್ಕ ಹಾಕಿ ತೋರಿಸಿದ್ದರು. ಆ ಮಿಡಿತದಿಂದ ಕಪ್ಪುಕುಳಿಯ ಗಾತ್ರ ತಿಳಿಯುತ್ತದೆ. 2015ರ ಸೆಪ್ಟೆಂಬರ್ 14ರಂದು ಅಮೆರಿಕದ ಲೈಗೊ ವೀಕ್ಷಣಾಲಯ ಹಿಡಿದ ಗುರುತ್ವದ ಅಲೆಯನ್ನು ವಿಜ್ಞಾನಿಗಳು ಹೀಗೆಯೇ ವಿಶ್ಲೇಷಿಸಿ, 2021ರಲ್ಲಿ ಫಲಿತಾಂಶ ಪ್ರಕಟಿಸಿದರು: ಎರಡು ಕಪ್ಪುಕುಳಿ ಸೇರಿ ಆದ ಹೊಸದರ ವಿಸ್ತೀರ್ಣ, ಮೊದಲಿನ ಎರಡರ ಮೊತ್ತಕ್ಕಿಂತ ಕಡಿಮೆಯಾಗಿಲ್ಲ. ಇದಕ್ಕೆ 95 ಶೇಕಡಕ್ಕೂ ಹೆಚ್ಚು ಖಾತ್ರಿಯಿತ್ತು.