ಹಸಿರು ಟ್ಯೂಬ್ ಒಂದೂ ಬೇಡ

ತೈಲವರ್ಣದಲ್ಲಿ ನಿಸರ್ಗಚಿತ್ರ ಕಲಿಯಲು ಬರುವವರ ಪೆಟ್ಟಿಗೆ ತೆರೆದರೆ ನನಗೆ ಮೊದಲು ಕಾಣುವುದು ಹಸಿರು. ಸ್ಯಾಪ್ ಗ್ರೀನ್, ಆಲಿವ್ ಗ್ರೀನ್, ವಿರಿಡಿಯನ್, ಎಮರಾಲ್ಡ್ ಗ್ರೀನ್, ಜೊತೆಗೆ ಹೆಸರೇ ಕೇಳಿರದ ಇನ್ನೊಂದೆರಡು. ಬಿಳಿ ಮಾತ್ರ ಸೆಟ್ಟಿನ ಜೊತೆ ಬಂದ ಬೆರಳುಗಾತ್ರದ ಒಂದೇ ಟ್ಯೂಬ್. "ಮರ, ಗಿಡ, ಹುಲ್ಲು ಬರೆಯೋದಲ್ವಾ ಸರ್, ಹಸಿರೇ ಜಾಸ್ತಿ ಖರ್ಚಾಗುತ್ತೆ ಅಂತ ತಂದೆ" ಅನ್ನುತ್ತಾರೆ. ಕೇಳುವುದಕ್ಕೇನೋ ನ್ಯಾಯವಾಗಿಯೇ ಇದೆ. ನಾನು ವರ್ಷಗಳಿಂದ ಗುದ್ದಾಡುತ್ತಿರುವುದು ಈ ನ್ಯಾಯದ ಜೊತೆಗೇ.

ಈಸೆಲ್ (ಚಿತ್ರ ನಿಲ್ಲಿಸುವ ಸ್ಟ್ಯಾಂಡು), ಕ್ಯಾನ್ವಾಸಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಲುಗಾಡದ ಈಸೆಲ್, ಪ್ರೈಮ್ ಮಾಡಿದ (ಬಣ್ಣ ಹಿಡಿಯುವಂತೆ ಮೊದಲೇ ಲೇಪ ಕೊಟ್ಟ) ಕ್ಯಾನ್ವಾಸ್ ಬೋರ್ಡು, ಹಂದಿಕೂದಲಿನ ಚಪ್ಪಟೆ ಬ್ರಷ್ ಮೂರ್ನಾಲ್ಕು, ಬಣ್ಣ ಬೆರೆಸಲು ಒಂದು ಪ್ಯಾಲೆಟ್ ನೈಫ್. ಬ್ರಷ್ ನಿಮಗೆ ಬೇಕೆನಿಸಿದ್ದಕ್ಕಿಂತ ಒಂದು ಅಳತೆ ದೊಡ್ಡದೇ ಇರಲಿ. ಬಣ್ಣ ಆರು ಸಾಕು: ಟೈಟಾನಿಯಂ ವೈಟ್, ಲೆಮನ್ ಯೆಲ್ಲೋ, ಯೆಲ್ಲೋ ಓಕರ್ (ಮಣ್ಣಿನ ಹಳದಿ), ಕ್ಯಾಡ್ಮಿಯಂ ರೆಡ್, ಬರ್ನ್ಟ್ ಸಿಯೆನ್ನಾ (ಕೆಂಪು ಮಿಶ್ರಿತ ಕಂದು), ಅಲ್ಟ್ರಾಮರೀನ್ ಬ್ಲೂ. ಬಿಳಿ 200 ಮಿ.ಲೀ.ನದ್ದು, ಉಳಿದವು 37 ಅಥವಾ 40 ಮಿ.ಲೀ.ನ ಮಾಮೂಲಿ ಟ್ಯೂಬ್. ಎಲ್ಲರಿಗೂ ಇದೇ ಪಟ್ಟಿ ಸರಿ ಎಂದು ಹಟ ಹಿಡಿಯುವುದಿಲ್ಲ, ಬೇರೆ ಶಿಕ್ಷಕರು ಬೇರೆ ಆರು ಹೇಳಿಯಾರು. ಆದರೆ ಕಲಿಕೆಯ ಮೊದಲ ದಿನಗಳಲ್ಲಿ ಹಸಿರು ಬೇಡ ಎಂಬಲ್ಲಿ ನಾನು ಜಗ್ಗುವವನಲ್ಲ.

ಕಾರಣ ಇಷ್ಟೇ. ಟ್ಯೂಬಿನಲ್ಲಿರುವುದು ಒಂದೇ ಹಸಿರು, ಮರದಲ್ಲಿರುವುದು ಒಂದಲ್ಲ. ಬಿಸಿಲು ಬಿದ್ದ ಮಗ್ಗುಲು ಹಳದಿಗೆ ಹತ್ತಿರ, ಕೊಂಬೆಗಳ ಒಳಗಿನ ನೆರಳು ಕಂದಿಗೆ ಹತ್ತಿರ. ದೂರದ ಮರಸಾಲಂತೂ ಹಳದಿಯನ್ನೆಲ್ಲ ಕಳೆದುಕೊಂಡು ಮಸುಕು ನೀಲಿಯಾಗಿರುತ್ತದೆ. ಟ್ಯೂಬ್ ಹಿಚುಕಿದವರು ಒಂದೇ ಹಸಿರಿಗೆ ಬಿಸಿಲಿರುವಲ್ಲಿ ಬಿಳಿ, ನೆರಳಿರುವಲ್ಲಿ ಕಪ್ಪು ಸೇರಿಸಿ ಮುಗಿಸುತ್ತಾರೆ. ಮೂಡುವುದು ಹೂದಾನಿಯಲ್ಲಿಟ್ಟ ಪ್ಲಾಸ್ಟಿಕ್ ಗಿಡ.

ಬಾಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ. ಅದಕ್ಕೇ ಬೂದುಬಣ್ಣದ ರಟ್ಟಿನಲ್ಲಿ ಬೆರಳು ತೂರುವಷ್ಟು ತೂತು ಮಾಡಿಟ್ಟುಕೊಂಡಿದ್ದೇನೆ. ತೋಳು ಚಾಚಿ ಹಿಡಿದು, ಒಂದು ಕಣ್ಣು ಮುಚ್ಚಿ, ತೂತಿನೊಳಗೆ ದೂರದ ಮರವೊಂದರ ತುಣುಕು ಮಾತ್ರ ಕಾಣುವಂತೆ ನೋಡಬೇಕು. ನಿವೃತ್ತ ಶಿಕ್ಷಕಿಯೊಬ್ಬರು ಹೀಗೆ ನೋಡಿ, "ಅಯ್ಯೋ, ಇದು ಬೂದಿ ಬಣ್ಣ ಅಲ್ವಾ!" ಎಂದರು. ಮರುಕ್ಷಣವೇ ಅವರಿಗೆ ನನ್ನ ರಟ್ಟಿನ ಮೇಲೆ ಅನುಮಾನ ಬಂತು. ತಮ್ಮದೇ ನೋಟ್‌ಬುಕ್ಕಿನ ರಟ್ಟು ಹರಿದು, ತಾವೇ ತೂತು ಕೊರೆದು ಮತ್ತೆ ನೋಡಿದರು. ಅಲ್ಲೂ ಬೂದಿಯೇ. ಇಂಥ ಅನುಮಾನದ ವಿದ್ಯಾರ್ಥಿಗಳೆಂದರೆ ನನಗೆ ಪ್ರೀತಿ.

ಬೆರೆಸುವಾಗ ಹಳದಿಯಿಂದ ಶುರು ಮಾಡಿ. ನೀಲಿಯನ್ನು ನೈಫಿನ ತುದಿಯಲ್ಲಿ ಚೂರು ಚೂರೇ ತನ್ನಿ. ನೀಲಿಗೆ ಬಲ ಹೆಚ್ಚು, ಅದರ ಗುಡ್ಡೆಗೆ ಹಳದಿ ಸುರಿಯುತ್ತ ಹೋದರೆ ಟ್ಯೂಬೇ ಮುಗಿದೀತು. ಅಲ್ಟ್ರಾಮರೀನ್ ಸ್ವಲ್ಪ ಕೆಂಪಿನ ಕಡೆ ವಾಲುವ ನೀಲಿ, ಆದ್ದರಿಂದ ಲೆಮನ್ ಯೆಲ್ಲೋ ಜೊತೆ ಕೂಡ ಅದು ಕೊಡುವ ಹಸಿರು ಕಣ್ಣು ಕುಕ್ಕುವುದಿಲ್ಲ. ಓಕರ್ ಜೊತೆ ಬೆರೆತರೆ ಒಣಹುಲ್ಲಿನ ಹಸಿರು. ಅದಕ್ಕೆ ಚಿಟಿಕೆ ಬರ್ನ್ಟ್ ಸಿಯೆನ್ನಾ ಬಿದ್ದರೆ ನೆರಳು, ಹೆಚ್ಚು ಬಿಳಿ ಮತ್ತು ನೀಲಿ ಬಿದ್ದರೆ ದೂರ. ಅಲ್ಟ್ರಾಮರೀನ್, ಬರ್ನ್ಟ್ ಸಿಯೆನ್ನಾ ಎರಡನ್ನೇ ಬೆರೆಸಿದರೆ ಕಪ್ಪಿಗೆ ಸಮನಾದ ಗಾಢ ಬಣ್ಣ ಬರುತ್ತದೆ, ಕಪ್ಪು ಟ್ಯೂಬಿನ ಹಂಗೂ ತಪ್ಪಿತು. ಆಕಾಶ, ನೀರು, ದೂರದ ಬೆಟ್ಟ ಮೂರಕ್ಕೂ ಬಿಳಿ ಬೇಕು. ಹಸಿರಿಗಾಗಿ ಹೆದರಿ ಬಂದವರಿಗೆ ಪಾಠದ ನಡುವೆ ಖಾಲಿಯಾಗುವುದು ಬಿಳಿಯೇ.

ಸ್ಯಾಪ್ ಗ್ರೀನ್ ಟ್ಯೂಬಿನ ಹಿಂಬದಿ ಒಮ್ಮೆ ಓದಿ. ಒಂದು ಕಾಲಕ್ಕೆ ಬಕ್‌ಥಾರ್ನ್ ಎಂಬ ಗಿಡದ ಹಣ್ಣಿನಿಂದ ಮಾಡುತ್ತಿದ್ದ ಈ ಬಣ್ಣ ಬೆಳಕಿಗೆ ಮಾಸುತ್ತಿತ್ತು. ಈಗ ಅದೇ ಹೆಸರಿನಲ್ಲಿ ಸಿಗುವುದು ಹೆಚ್ಚಾಗಿ ಬೆರಕೆ: ಪಿಜಿ 7 (ಟ್ಯೂಬಿನ ಮೇಲಿನ ವರ್ಣದ್ರವ್ಯದ ಸಂಕೇತ), ಅಂದರೆ ಥಾಲೋ ಗ್ರೀನ್ ಎಂಬ ಹಸಿರು, ಅದಕ್ಕೊಂದು ಹಳದಿ. ನೀವೇ ಬೆರೆಸಬಹುದಾದದ್ದನ್ನು ಕಂಪನಿ ಬೆರೆಸಿ ಕೊಟ್ಟಿರುತ್ತದೆ.

"ಮೋನೆ ವಿರಿಡಿಯನ್ ಬಳಸಿದ್ದನಲ್ಲ ಸರ್?" ಹೌದು, ಫ್ರೆಂಚ್ ನಿಸರ್ಗಚಿತ್ರಕಾರ ಮೋನೆ ಬಳಸಿದ. 1859ರಲ್ಲಿ ಫ್ರಾನ್ಸಿನಲ್ಲಿ ಪೇಟೆಂಟ್ ಆದ ಆ ಬಣ್ಣ ನಿಜಕ್ಕೂ ಒಳ್ಳೆಯದು, ಕಡಲು ಬರೆಯುವವರಿಗೆ ಮುಂದೆ ಬೇಕಾಗಲೂಬಹುದು. ಅದನ್ನು ಹೇಗೆ ತಗ್ಗಿಸಬೇಕೆಂದು ಗೊತ್ತಾದ ಮೇಲೆ ಧಾರಾಳವಾಗಿ ಕೊಳ್ಳಿ.

ನಡುವೆ ಒಂದು ಎಚ್ಚರಿಕೆ. ತೈಲವರ್ಣದಲ್ಲಿರುವ ಲಿನ್ಸೀಡ್ (ಅಗಸೆ) ಎಣ್ಣೆ ಆವಿಯಾಗಿ ಒಣಗುವುದಲ್ಲ, ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತದೆ, ಆಗ ಶಾಖ ಹುಟ್ಟುತ್ತದೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆದರೆ ತಾನಾಗಿ ಬೆಂಕಿ ಹತ್ತಿಕೊಳ್ಳಬಹುದು. ಹೊರಗೆ ಹರವಿ ಒಣಗಿಸಿ, ಇಲ್ಲವೇ ಮುಚ್ಚಳವಿರುವ ಲೋಹದ ಡಬ್ಬಿಯಲ್ಲಿ ನೀರು ತುಂಬಿ ಅದರೊಳಗೆ ಹಾಕಿ. ಬಣ್ಣ ತೆಳುಮಾಡುವ ಟರ್ಪೆಂಟೈನ್ ಬಳಸುವಾಗ ಕಿಟಕಿ ತೆರೆದಿರಲಿ.

ಈಗಾಗಲೇ ಕೊಂಡುಬಿಟ್ಟವರು ಹಸಿರನ್ನು ಎಸೆಯುವುದೇನೂ ಬೇಡ, ಮುಚ್ಚಳ ಬಿಗಿಯಾಗಿದ್ದರೆ ವರ್ಷಗಟ್ಟಲೆ ಕೆಡುವುದಿಲ್ಲ. ಹತ್ತಿರದ ಮರ, ದೂರದ ಮರ ಎರಡನ್ನೂ ಆರೇ ಬಣ್ಣದಲ್ಲಿ ಬೇರೆ ಬೇರೆ ಮಾಡಿ ತೋರಿಸುವಷ್ಟು ಕೈ ಪಳಗಿದ ಮೇಲೆ ಒಂದನ್ನು ಹೊರತೆಗೆಯಿರಿ. ಆಗಲೂ ಸ್ವಲ್ಪ ಕೆಂಪನ್ನೋ ಬರ್ನ್ಟ್ ಸಿಯೆನ್ನಾವನ್ನೋ ಬೆರೆಸದೆ ಕ್ಯಾನ್ವಾಸಿಗೆ ಮುಟ್ಟಿಸಬೇಡಿ. ಅಷ್ಟರಲ್ಲಿ ನಿಮ್ಮ ದೊಡ್ಡ ಬಿಳಿ ಟ್ಯೂಬ್ ಮುಗಿದಿರುತ್ತದೆ, ಅಂಗಡಿಗೆ ಹೋದರೆ ಅದನ್ನು ತನ್ನಿ.